ಸೂಜಿ ಇಲ್ಲದೆ ಹಲ್ಲು ಕೀಳುವ ಡಾಕ್ಟರು

ಬೇರೆ ಡಾಕ್ಟರುಗಳಿಗೂ ಹೀಗೆಲ್ಲ ಆಗುತ್ತದೋ, ಶಿರಸಿಯಲ್ಲಿ ಹಲ್ಲು ಕೀಳಲು ಕೂತ ನನ್ನ ಹಣೆಯಲ್ಲೇ ಬರೆದಿತ್ತೋ ಗೊತ್ತಿಲ್ಲ. ಅರವತ್ತರ ದಶಕದ ಮಾತು. ನಮ್ಮ ಕಡೆಯವರಿಗೆ ಹಲ್ಲುನೋವಿಗಿಂತ ಇಂಜೆಕ್ಷನ್ನಿನ ಭಯ ಜಾಸ್ತಿ. ಅದಕ್ಕೇ ಮುಂಬಯಿಗೆ ಹೋಗಿ ಸಂಮೋಹನ ಕಲಿತು ಬಂದೆ. ಮಾತಿನಲ್ಲೇ ಮಂಪರು ಬರಿಸಿ, ನೋವು ತಿಳಿಯದಂತೆ ಹಲ್ಲು ಕೀಳುವ ವಿದ್ಯೆ. ಬಂದವನು ಸುಮ್ಮನಿರದೆ ಊರಿಗೆಲ್ಲ ಹೇಳಿಕೊಂಡೆ. ಇನ್ನು ಒಂದು ಹಲ್ಲನ್ನಾದರೂ ಹಾಗೆ ಕಿತ್ತು ತೋರಿಸದಿದ್ದರೆ ಪೇಟೆಯಲ್ಲಿ ತಲೆ ಎತ್ತಿ ತಿರುಗುವಂತಿರಲಿಲ್ಲ.

೧. ದಾಕ್ಷಿಣ್ಯದ ಹಲ್ಲು

ಮೊದಲು ಸಿಕ್ಕವರು ಹೆಗ್ಗರಣೆ ಕಡೆಯ ಹಿರಿಯರೊಬ್ಬರು. ಕುರ್ಚಿಯಲ್ಲಿ ಒರಗಿಸಿ ನನ್ನ ಮಾತು ಶುರುಮಾಡಿದೆ.

"ಕೈ ಭಾರವಾಗ್ತಾ ಇದೆಯಾ?"

"ಹೂಂ."

"ದವಡೆ ಜೋಮು ಹಿಡೀತಾ?"

"ಹೂಂ."

ನನಗೆ ಖುಷಿಯೋ ಖುಷಿ. ಇಕ್ಕಳ ಹಾಕಿದ್ದೇ ತಡ, ಅವರು ಹಾಕಿದ ಕೂಗಿಗೆ ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಎದ್ದು ಹೊರಟುಹೋದರು. ಜೋಮು ಹಿಡಿದಿದೆ ಅಂದಿರಲ್ಲ ಎಂದು ರೇಗಿದೆ.

"ನಿಂಗ ಅಷ್ಟೊತ್ತಿಂದ ಬಾಯಿ ಒಣಗಿಸ್ಕ್ಯಂಡು ಹೇಳ್ತಾ ಇದ್ರಿ. ಇಲ್ಲೆ ಅಂದ್ರೆ ಬೇಜಾರಾಗ್ತು ಹೇಳಿ ಆನು ಹೂಂ ಹೇಳ್ದಿ."

೨. ನೆಮ್ಮದಿಯ ಜಾಗ

ಬನವಾಸಿ ಕಡೆಯ ರೈತನೊಬ್ಬನಿಗೆ, ಮನಸ್ಸಿಗೆ ನೆಮ್ಮದಿ ಕೊಡುವ ಜಾಗ ನೆನೆಸಿಕೊಳ್ಳಲು ಹೇಳಿದೆ. ಗದ್ದೆ ಅಂದ. ಕಣ್ಣು ಮುಚ್ಚಿಸಿ, ಏನು ಕಾಣುತ್ತದೆ ಎಂದು ಕೇಳಿದೆ.

"ದೊಡ್ಡಪ್ಪನ ಮಗ ಕಾಣ್ತಾನ್ರಿ. ನಮ್ಮ ಬದು ಕಡಿಯಾಕತ್ತಾನ."

"ಅವನನ್ನು ಬಿಡಿ, ಪೈರು ನೋಡಿ."

"ಹೆಂಗ ಬಿಡ್ಲಿರಿ?" ಎನ್ನುತ್ತ ಕುರ್ಚಿಯಿಂದ ಇಳಿದವನು ಬಸ್ಸು ಹಿಡಿಯಲು ಓಡಿದ. ಹುಳುಕು ಹಲ್ಲು ಅವನ ಜೊತೆಗೇ ಹೋಯಿತು.

ಕೆಲವು ದಿನ ಬಿಟ್ಟು ಇನ್ನೊಬ್ಬನನ್ನು ಕರೆದುಕೊಂಡು ಬಂದ. "ನೀವು ತೋರಿಸಿದ್ದು ಖರೇನ ಐತ್ರಿ, ಬದು ಕಡದಿದ್ದ. ಈಗ ಇವನ ಎತ್ತು ಕಳದೈತಿ. ಹಂಗ ಕಣ್ಣು ಮುಚ್ಚಿಸಿ ಒಂಚೂರು ನೋಡ್ರಿ."

೩. ಘಟ್ಟದ ನಿದ್ದೆ

ಕೊನೆಗೆ ಯಲ್ಲಾಪುರದ ಲಾರಿ ಡ್ರೈವರ್ ಸಾಬರು ಬಂದರು. ಕೆನ್ನೆ ಊದಿತ್ತು, ಗಂಜಿಯೂ ಇಳಿಯುತ್ತಿರಲಿಲ್ಲ, ಸೂಜಿ ಕಂಡರೆ ಎದ್ದು ಓಡುವ ಆಸಾಮಿ. ಮೆಲುದನಿಯಲ್ಲಿ ಒಂದೇ ಸಮನೆ ಹೇಳುತ್ತ ಹೋದೆ. ಹೇಳಿದಷ್ಟೂ ಅವರ ಕಣ್ಣು ಅಗಲವಾಯಿತು.

"ನಿದ್ದೆ ಎಲ್ಲಿ ಬರುತ್ತೆ ಡಾಕ್ಟರ್ ಸಾಬ್? ಘಟ್ಟದಲ್ಲಿ ನಾನು ತೂಕಡಿಸಬಾರದು ಅಂತ ಕ್ಲೀನರ್ ಪಕ್ಕದಲ್ಲಿ ಕೂತು ಹೀಗೇ ಮಾತಾಡ್ತಾನೆ. ಕಿವಿ ಹತ್ರ ಮಾತಿದ್ರೆ ನನಗೆ ಎಚ್ಚರ."

ನನಗೆ ಸಾಕಾಗಿಹೋಯಿತು. ಮುಂಬಯಿಗೂ ವಿದ್ಯೆಗೂ ಶಾಪ ಹಾಕುತ್ತ, ಬಾಯಿ ಮುಚ್ಚಿಕೊಂಡು ಇಕ್ಕಳ ಒರೆಸುತ್ತ ನಿಂತೆ. ತಿರುಗಿ ನೋಡಿದರೆ ಸಾಬರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ಹಲ್ಲು ಮೊದಲೇ ಅಲ್ಲಾಡುತ್ತಿತ್ತು. ಉಸಿರು ಬಿಗಿಹಿಡಿದು ಎಳೆದೆ. ಒಂದೇ ಎಳೆತಕ್ಕೆ ಬಂತು. ಗೆದ್ದೆ ಅಂದುಕೊಂಡೆ.

ಸಾಬರು ದಡಬಡಿಸಿ ಎದ್ದು, ಬಲಗಾಲಿನಿಂದ ನನ್ನ ಪಾದವನ್ನು ಬ್ರೇಕಿನ ಹಾಗೆ ಒತ್ತಿ ಹಿಡಿದರು. ಬಾಯಿಯ ರಕ್ತ ಮುಟ್ಟಿ ನೋಡಿಕೊಂಡು ನನ್ನ ಮೇಲೆ ಹರಿಹಾಯ್ದರು.

"ಮಾತು ನಿಲ್ಲಿಸಬೇಡ ಅಂತ ಎಷ್ಟು ಸಲ ಹೇಳಿದೀನಿ ನಿನಗೆ? ಇಳಿದು ನೋಡು, ಎಲ್ಲಿಗೆ ಗುದ್ದಿದ್ವಿ."