ತುಕ್ಕು ಹಿಡಿಯದ ಮೊಳೆ

ಮಾದನಾಯಕನಹಳ್ಳಿಯ ರಾಮಾಂಜಿನಪ್ಪನವರು ವೈಟ್‌ಫೀಲ್ಡಿಗೆ ಗೃಹಪ್ರವೇಶದ ಊಟಕ್ಕೆ ಹೋಗಿದ್ದೇ ತಪ್ಪಾಯಿತು. ಅಲ್ಲಿನ ಮನೆಗಳ ಹೊರಗೋಡೆಗೆ ಮರದ ಹಲಗೆ ಹೊದಿಸಿದ್ದನ್ನು ಕಂಡು ಬಂದವರು, ಮುದ್ದೆ ಮುರಿಯುವಾಗಲೂ ಹಲಗೆಯ ಮಾತನ್ನೇ ಆಡತೊಡಗಿದರು. ತಾವು ಬಾಡಿಗೆಗೆ ಕೊಟ್ಟಿದ್ದ ಮನೆಯ ಮುಂಗೋಡೆಗೆಂದು ಹಲಗೆ ತರಿಸಿಯೂಬಿಟ್ಟರು. ಬಡಗಿ ಗೋಡೆಗೆ ಹಲಗೆಯ ಆಧಾರಕ್ಕೆ ಬೇಕಾದ ಮರದ ಪಟ್ಟಿಗಳನ್ನಷ್ಟೇ ಕೂರಿಸಿ, ಅವರ ಜೊತೆ ಜಗಳವಾಡಿಕೊಂಡು ಹೋದವನು ಮತ್ತೆ ಫೋನೆತ್ತಲಿಲ್ಲ.

ಆ ಮನೆಯ ಬಾಡಿಗೆದಾರ ಕೊಟ್ರೇಶ್. ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೋಲ್ಟು, ಮೊಳೆಗಳನ್ನು ತಪಾಸಣೆ ಮಾಡುವ ಕೆಲಸ. ಅವನ ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯುತ್ತ ಬಂದಿತ್ತು. ಮಗಳು ರಕ್ಷಿತಾ ಹತ್ತನೇ ಕ್ಲಾಸು. ಪರೀಕ್ಷೆಯ ವರ್ಷ ಮನೆ ಬದಲಿಸುವುದನ್ನು ನೆನೆದರೇ ಅವನಿಗೆ ನಿದ್ದೆ ಹಾರುತ್ತಿತ್ತು.

"ರೀ, ನೀವೇ ಹೊಡ್ಕೊಟ್ಬಿಡಿ. ಓನರ್ ಖುಷಿಯಾದ್ರೆ ಇನ್ನೊಂದ್ ವರ್ಷ ಇರಿ ಅಂತಾರೆ" ಎಂದಳು ಹೆಂಡತಿ ಸವಿತಾ.

ಭಾನುವಾರ ಕೊಟ್ರೇಶ್ ಸುತ್ತಿಗೆ ಹಿಡಿದು ನಿಂತ. ರಾಮಾಂಜಿನಪ್ಪ ಹಳೇ ಕೊಟ್ಟಿಗೆ ಕೆಡವಿದಾಗ ಕಿತ್ತಿಟ್ಟಿದ್ದ ಮೊಳೆಗಳ ಡಬ್ಬ ತಂದರು. ಒಂದೊಂದೂ ಒಣಮೆಣಸಿನಕಾಯಿಯಂತೆ ಸೊಟ್ಟ.

"ಇವು ಬೇಡ ಯಜಮಾನ್ರೇ, ತುಕ್ಕು ಹಿಡಿತಾವೆ. ಎರಡು ಮಳೆ ಬಿದ್ರೆ ಸಾಕು, ಅತ್ತ ಮುಖದ ಮೇಲೆ ಕಾಡಿಗೆ ಇಳಿದಂಗೆ ಹಲಗೆ ತುಂಬ ಕಪ್ಪು ಗೆರೆ."

"ಅಂಗಾದ್ರೆ ಎಂಗಪ್ಪಾ?"

"ಸ್ಟೇನ್‌ಲೆಸ್ ಸ್ಟೀಲಿಂದು ತಂದೀನಿ. ಮೈಮೇಲೆ ಉಂಗುರ ಉಂಗುರ ಇದೆ ನೋಡಿ. ಮರ ಉಬ್ಬಿದ್ರೂ ಕುಗ್ಗಿದ್ರೂ ಹೊರಗ್ಬರಲ್ಲ."

ಹೇಳಿದ ಮೇಲೆ ಅವನಿಗೇ ಅನುಮಾನ. ಉದ್ದ ಸರಿಯಿದೆಯೇ? ಹಲಗೆ ದಾಟಿ ಹಿಂದಿನ ಪಟ್ಟಿಯೊಳಗೆ ಬಿಗಿಯಾಗಿ ಇಳಿಯಬೇಕು, ಗೋಡೆಗೆ ತಾಗಬಾರದು. ಮೊಳೆಯನ್ನು ಹಲಗೆಯ ಪಕ್ಕಕ್ಕಿಟ್ಟು ಮತ್ತೆ ಮತ್ತೆ ಅಳೆದ.

"ಏನ್ ಗುರು, ಮೊಳೆಗೆ ಜಾತಕ ಕೂಡಿಸ್ತಿದೀಯಾ?" ಪಕ್ಕದ ಮನೆಯ ವಸಂತ್ ಕಾಂಪೌಂಡ್ ಹಾರಿ ಬಂದ. "ಕೊಡಿಲ್ಲಿ, ನಾನು ವಿಡಿಯೋದಲ್ಲಿ ನೋಡಿದೀನಿ." ಸುತ್ತಿಗೆ ಕಿತ್ತುಕೊಂಡು ಹಲಗೆಯ ತುದಿಗೇ ಒಂದು ಬಾರಿಸಿದ. ಹಲಗೆ ಹಪ್ಪಳದಂತೆ ಸೀಳಿತು.

"ಯಾರ್ಲಾ ಸೀಳಿದ್ದು?" ಡಬ್ಬ ಒಳಗಿಡಲು ಹೋಗಿದ್ದ ರಾಮಾಂಜಿನಪ್ಪ ಓಡಿಬಂದರು.

ಸುತ್ತಿಗೆ ಆಗಲೇ ಕೊಟ್ರೇಶನ ಕೈ ಸೇರಿತ್ತು. "ಕೊಟ್ರೇಶಣ್ಣ ಸ್ವಲ್ಪ ಜೋರಾಗಿ ಹೊಡೆದ್ಬಿಟ್ರು ಸಾರ್" ಎಂದ ವಸಂತ್.

ಕೊಟ್ರೇಶ್ ಬಾಯಿ ತೆರೆದ. ಓನರ್ ಮುಂದೆ ಜಗಳವೇಕೆಂದು ಮುಚ್ಚಿಕೊಂಡ. ತನ್ನ ದುಡ್ಡಲ್ಲೇ ಬೇರೆ ಹಲಗೆ ತಂದ. ತುದಿಗಳಿಗೆಲ್ಲ ಮೊದಲು ಡ್ರಿಲ್ಲಿನಿಂದ ಸಣ್ಣ ತೂತು ಕೊರೆದು, ದಾರ ಕಟ್ಟಿ, ಸಾಲು ಹಿಡಿದು ಹೊಡೆದ. ಹೆಬ್ಬೆರಳು ಬದನೆಕಾಯಿಯಾಯಿತು. ಊಟಕ್ಕೂ ಏಣಿಯಿಂದ ಇಳಿಯಲಿಲ್ಲ.

ಸಂಜೆಯ ಬಿಸಿಲಿಗೆ ಗೋಡೆ ಮದುವೆ ಹೆಣ್ಣಿನಂತೆ ಹೊಳೆಯಿತು. ಬೀದಿಯವರು ನಿಂತು ಫೋಟೊ ಹೊಡೆದುಕೊಂಡರು. ರಾಮಾಂಜಿನಪ್ಪ ಕರುವಿನ ಬೆನ್ನು ಸವರುವಂತೆ ಹಲಗೆ ಸವರಿದರು.

"ಒಂದ್ ಮೊಳೆನೂ ತಲೆ ಎತ್ತಿಲ್ವಲ್ಲಯ್ಯಾ! ಏನ್ ಕೈ ನಿಂದು!"

ಸವಿತಾ ಕಣ್ಸನ್ನೆ ಮಾಡಿದಳು. ಕೊಟ್ರೇಶ್ ಗಂಟಲು ಸರಿಮಾಡಿಕೊಂಡ. "ಯಜಮಾನ್ರೇ, ಅದು... ಅಗ್ರಿಮೆಂಟು..."

"ಅದ್ನೇ ಏಳಾನ ಅಂತಿದ್ದೆ. ಮಗಳು ಶ್ಯಾಮಲಂಗೆ ಫೋಟೊ ಕಳ್ಸಿದ್ದೆ. ಇಷ್ಟ್ ದಿನ ಈ ಮನೆ ಕಂಡ್ರೆ ಮೂಗು ಮುರೀತಿದ್ಳು. ಈಗ ಗಂಡ ಎಂಡ್ತಿ ಇಬ್ರೂ ಇಲ್ಲೇ ಬಂದಿರ್ತೀವಿ ಅಂತವ್ರೆ. ತಿಂಗ್ಳು ಮುಗಿಯೋದ್ರಲ್ಲಿ ಖಾಲಿ ಮಾಡ್ಕೊಡಪ್ಪ."

ಕೊಟ್ರೇಶನ ಹೆಬ್ಬೆರಳು ಆಗ ನೋಯತೊಡಗಿತು. "ಮಗಳ ಪರೀಕ್ಷೆ..." ಎಂದ.

ಸವಿತಾಳೇ ಮುಂದೆ ಬಂದಳು. "ಹಂಗಾದ್ರೆ ಇಲ್ಲೇ ಹತ್ರದಲ್ಲಿ ಬೇರೆ ಮನೆ ನೀವೇ ಕೊಡಿಸಿ. ಓನರ್‌ಗಳಿಗೆ ಈ ಗೋಡೆ ಫೋಟೊ ತೋರ್ಸಿ, ನಮ್ಮನೆಯವ್ರು ಎಂಥ ಕೆಲಸಗಾರರು ಅಂತ ಹೇಳಿ."

ರಾಮಾಂಜಿನಪ್ಪ ಬೆಚ್ಚಿಬಿದ್ದರು. ಆಚೀಚೆ ನೋಡಿ, ನಿಜವಾದ ಕಾಳಜಿಯಿಂದಲೇ ದನಿ ತಗ್ಗಿಸಿದರು.

"ಫೋಟೊ ಮಾತ್ರ ಯಾರ್ಗೂ ತೋರಿಸ್ಬೇಡ ಕಣಮ್ಮಾ. ಬಾಡಿಗೆಗೆ ಬರೋನು ಗೋಡೆಗೆ ಮೊಳೆ ಒಡೀತಾನೆ ಅಂತ ಗೊತ್ತಾದ್ರೆ, ಯಾವ್ ಓನರ್ ಮನೆ ಕೊಡ್ತಾನೆ?"