ರಾಜಕುಮಾರನ ಮುಖ

ಎಲ್ಲ ರಾಮಾಯಣಕ್ಕೂ ಕಾರಣ ಒಂದು ಮೂಗು.

ಫರ್ಗಾನಾ ಕಣಿವೆಯ ಮಾರ್ಗಿಲಾನ್ ಊರಿನ ಹಮ್ದಮ್ ಹೊಟ್ಟೆಪಾಡಿಗೆ ಮದುವೆಮನೆಗಳಲ್ಲಿ ವಿಡಿಯೊ ತೆಗೆಯುತ್ತಿದ್ದ. ಖಯಾಲಿಗೆ, ಅಜ್ಜಿಕತೆಗಳನ್ನು ಎಐ ಕೈಲಿ ಚಿತ್ರ ಮಾಡಿಸಿ ತನ್ನ ಚಾನೆಲ್ಲಿಗೆ ಹಾಕುತ್ತಿದ್ದ. ಆ ಯಂತ್ರಕ್ಕೋ ವಿಪರೀತ ಮರೆವು. ಬುಗ್ಗೆಯಲ್ಲಿ ನೀರು ತುಂಬುವಾಗ ಮೊಂಡು ಮೂಗಿನವಳಾಗಿದ್ದ ರಾಜಕುಮಾರಿ ಕುದುರೆ ಹತ್ತುವಷ್ಟರಲ್ಲಿ ಗಿಣಿಮೂಗಿನವಳಾಗುತ್ತಿದ್ದಳು. ಇಳಿದರೆ ಇನ್ನೊಬ್ಬಳು.

"ಏನಪ್ಪಾ, ನಿನ್ನ ರಾಜಕುಮಾರ ಒಟ್ಟು ಎಷ್ಟು ಜನಾನ್ನ ಕಟ್ಕೊಂಡ?" ಎಂದು ಎದುರುಮನೆಯ ಸಲೋಮತ್ ಖಾಲಾ ಬಾಗಿಲು ಗುಡಿಸುತ್ತಲೇ ಕೇಳುತ್ತಿದ್ದಳು. ಖಾಲಾ ಕೇಳಿದಳೆಂದರೆ ಇಡೀ ಮೊಹಲ್ಲಾ ಕೇಳಿದ ಹಾಗೆ.

ಇದಕ್ಕೆ ಬಲ್ಲವರು ಹೇಳುವ ಉಪಾಯ ಒಂದಿದೆ. ಒಂದೇ ಮುಖವನ್ನು ಎದುರಿನಿಂದ, ಎಡದಿಂದ, ಬಲದಿಂದ, ನಗುವಾಗ, ನಗದಿರುವಾಗ ತೆಗೆದು ಯಂತ್ರಕ್ಕೆ ಕೊಡಬೇಕು. ಆಮೇಲೆ ಅದು ಮುಖ ಮರೆಯುವುದಿಲ್ಲ. ಅಂಥ ಫೋಟೋಗಳು ಹಮ್ದಮನ ಬಳಿ ಒಬ್ಬಳವೇ ಇದ್ದವು. ಪಕ್ಕದ ಮನೆಯ ನಫೀಸಾ. ಅವಳ ಅಣ್ಣನ ಮದುವೆಗೆ ಕ್ಯಾಮೆರಾ ಹಿಡಿದು ಹೋದ ಈ ಮಹಾಶಯ ಮದುಮಗಳನ್ನು ಬಿಟ್ಟು ಅವಳನ್ನೇ ತೆಗೆದಿದ್ದ. ಗೋಡೆಯಾಚೆ ಅವಳು ಕೆಮ್ಮಿದರೂ ಇವನಿಗೆ ತಿಳಿಯುತ್ತಿತ್ತು. ಹೇಳಬೇಕಾದ ಮಾತನ್ನು ಮಾತ್ರ ನಾಳೆ, ನಾಡಿದ್ದು ಎಂದು ಮುಂದಕ್ಕೆ ತಳ್ಳುತ್ತಲೇ ಬಂದಿದ್ದ.

ಕೇಳದೆ ಅವಳ ಮುಖವನ್ನು ಯಂತ್ರಕ್ಕೆ ಕೊಟ್ಟ. ತಲೆಗೆ ಕಿರೀಟ, ಬೆನ್ನಿಗೆ ನಲವತ್ತು ಜಡೆ ಹಾಕಿದ ಮೇಲೆ ಯಾರಿಗೆ ಗುರುತು ಸಿಗುತ್ತದೆ ಎಂಬ ಭಂಡ ಧೈರ್ಯ. ರಾಜಕುಮಾರನಿಗೂ ಒಂದು ಮುಖ ಬೇಕಲ್ಲ, ಒಮ್ಮೆ ತನ್ನದನ್ನೇ ಕೊಟ್ಟು ನೋಡಿದ. ನಫೀಸಾಳ ಪಕ್ಕ ಕುದುರೆಯ ಮೇಲೆ ತಾನು! ಕಿವಿ ಕೆಂಪಾಯಿತು. ಖಾಲಾ ನೋಡಿದರೆ ಮಾನ ಹರಾಜು ಎಂದು ಹೆದರಿ ಅಳಿಸಿಬಿಟ್ಟ. ಅಂದಿನಿಂದ ರಾಜಕುಮಾರಿ ಎಲ್ಲ ಕತೆಗಳಲ್ಲೂ ಅವಳೇ. ರಾಜಕುಮಾರ ಮಾತ್ರ ಬಾಗಿಲಲ್ಲಿ ಒಬ್ಬ, ಕಿಟಕಿಯಲ್ಲಿ ಇನ್ನೊಬ್ಬ.

ಆ ಗುರುವಾರ ಬೆಳಿಗ್ಗೆ ಹಮ್ದಮ್ ದ್ರಾಕ್ಷಿ ಚಪ್ಪರದಡಿ ಅಮ್ಮನ ಜೊತೆ ಚಹಾ ಕುಡಿಯುತ್ತಿದ್ದಾಗ ಸಲೋಮತ್ ಖಾಲಾ ಒಳನುಗ್ಗಿದಳು. ಹಿಂದೆ ಮಖಮಲ್ ಉಡುಪಿನ ದಪ್ಪನೆಯ ಹೆಂಗಸು.

"ಇವರು ಕೋಕಂದ್ ಊರಿನವರು, ಮಗನಿಗೆ ನಫೀಸಾನ್ನ ಕೇಳೋಕೆ ಬಂದಿದಾರೆ. ನೀನು ಮದುವೆಮನೆಗಳಿಗೆ ಹೋಗಿದ್ದಾಗ ಆಗಲೇ ಎರಡು ಸಲ ಬಂದು ಹೋಗಿದ್ದಾಯ್ತು, ಎರಡು ಸಲವೂ ಹುಡುಗನೂ ಬಂದಿದ್ದ. ಇವತ್ತು ಸಂಜೆ ರೊಟ್ಟಿ ಮುರಿಯೋದು. ನೆರೆಯವರನ್ನ ಒಂದು ಮಾತು ವಿಚಾರಿಸೋದಷ್ಟೇ ಬಾಕಿ."

ಹಮ್ದಮ್ ಚಹಾದ ಬಟ್ಟಲನ್ನು ಕೆಳಗಿಟ್ಟ. ರೊಟ್ಟಿ ಮುರಿದರೆ ನಿಶ್ಚಿತಾರ್ಥ ಆದಂತೆ, ಮಾತು ಮುಗಿಯಿತು. ಮುರಿದ ರೊಟ್ಟಿಯನ್ನು ಮತ್ತೆ ಅಂಟಿಸುವವರು ಫರ್ಗಾನಾ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ.

"ಇವರಿಗೆ... ನಫೀಸಾ ಮನೆ ಹೇಗೆ ಗೊತ್ತಾಯ್ತು?"

ಕೋಕಂದಿನಾಕೆ ಫೋನು ತೆಗೆದು ತೋರಿಸಿದಳು. ನಲವತ್ತು ಜಡೆ, ಕಿರೀಟ. "ನನ್ನ ಮಗ ಹಲ್ಲಿನ ಡಾಕ್ಟ್ರು. ಈ ಕತೆ ನೋಡಿ ಊಟ ಬಿಟ್ಟ. ಚಾನೆಲ್ಲಲ್ಲಿ ಊರಿನ ಹೆಸರಿತ್ತು, ಅವಳ ಹಿಂದೆ ಈ ಬೀದಿಯ ನೀಲಿ ಗೇಟೂ ಚಿತ್ರದಲ್ಲಿ ಬಂದಿತ್ತು. ಹುಡುಕ್ಕೊಂಡು ಬಂದ್ವಿ, ಖಾಲಾ ಗುರುತು ಹಿಡಿದ್ರು."

"ಅದು ಯಂತ್ರ ಮಾಡಿದ ಮುಖ, ಅಮ್ಮಾ. ಅಂಥ ಹುಡುಗಿ ಎಲ್ಲೂ ಇಲ್ಲ!"

"ಹೋಗಪ್ಪ! ಯಂತ್ರ ಮಾಡಿದ ಮುಖ ನಿಮಿಷಕ್ಕೊಂದು ಥರ ಆಗುತ್ತೆ ಅಂತ ನಮಗೂ ಗೊತ್ತು. ನಿನ್ನ ರಾಜಕುಮಾರನ್ನೇ ನೋಡು, ಒಂದು ಸಲ ಗಡ್ಡ, ಒಂದು ಸಲ ಬೋಳು. ಇವಳು ಒಂದು ಕೂದಲೂ ಬದಲಾಗಿಲ್ಲ. ಅಂದ್ಮೇಲೆ ನಿಜವಾದವಳೇ ತಾನೆ?"

ಆ ಮುಖ ಬದಲಾಗದಿರಲೆಂದೇ ಅಲ್ಲವೆ ಪಾಪ, ಅವನು ತಿಂಗಳುಗಟ್ಟಲೆ ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡದ್ದು?

"ಇವನು ಗೋಡೆ ಪಕ್ಕದವನು. ಸುಳ್ಳು ಹೇಳೋಕೆ ಬರಲ್ಲ. ಇವನ್ನೇ ಕೇಳಿ," ಎಂದಳು ಖಾಲಾ.

ಸುಳ್ಳು ಹೇಳಲೇಬೇಕಾದ ದಿನ ಬಂದಿತ್ತು. ಹಮ್ದಮ್, "ಅಡುಗೆ... ಅಷ್ಟಕ್ಕಷ್ಟೆ," ಎಂದ.

ಆ ಗಳಿಗೆಗೇ ಬರಬೇಕೆ! ಬಾಗಿಲಲ್ಲಿ ನಫೀಸಾ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. "ಕುಂಬಳಕಾಯಿ ಹೂರಣದ ಸಂಸ ಮಾಡಿದ್ದೆ, ಬಿಸಿ ಇದೆ," ಎಂದು ಇಟ್ಟು, ಎಲ್ಲರಿಗೂ ತಲೆಬಾಗಿ, ಹಮ್ದಮನ ಮೇಲೆ ಒಂದು ಕ್ಷಣ ಕಣ್ಣು ನಿಲ್ಲಿಸಿ ಹೊರಟುಹೋದಳು.

ಕೋಕಂದಿನಾಕೆ ಒಂದು ಕಚ್ಚಿದಳು. ಕಣ್ಣು ಮುಚ್ಚಿದಳು. "ಇದು ಅಷ್ಟಕ್ಕಷ್ಟೆನಾ?"

"ಸಿಟ್ಟು... ಸಿಟ್ಟು ಜಾಸ್ತಿ," ಎಂದ ಹಮ್ದಮ್. ಈಗಷ್ಟೇ ಹೋದವಳ ಮೇಲೆ ಇಲ್ಲದ್ದು ಹೇಳುವುದು ಅವನಿಂದ ಆಗಲಿಲ್ಲ. "ಇಲ್ಲ ಅಮ್ಮಾ, ಸುಳ್ಳು ಹೇಳ್ದೆ. ಅವಳಿಗೆ ಸಿಟ್ಟು ಬಂದದ್ದನ್ನ ನಾನು ನೋಡೇ ಇಲ್ಲ. ನಮ್ಮಮ್ಮ ಕಾಲು ಮುರ್ಕೊಂಡಾಗ ದಿನಾ ಬಂದು ನೋಡ್ಕೊಂಡ್ಳು. ನಗುವಾಗ ಎಡ ಹುಬ್ಬು ಮೊದಲು ಮೇಲೆ ಹೋಗುತ್ತೆ. ಅವಳು ಹೋದ ಮನೆ ಪುಣ್ಯ ಮಾಡಿರಬೇಕು."

"ಇಷ್ಟು ಒಳ್ಳೆ ಮಾತಾಡೋ ನೆರೆಯವರು ಎಲ್ಲಿ ಸಿಗ್ತಾರೆ!" ಎಂದು ಆಕೆ ಎದ್ದು ಅವನ ಹಣೆಗೆ ಮುತ್ತಿಟ್ಟಳು. "ಮುಗೀತು. ಸಂಜೆ ನೀನೇ ಕ್ಯಾಮೆರಾ ತಗೊಂಡು ಬಾ."

ಅವರು ಹೋದಮೇಲೆ ಅಮ್ಮ ಬಟ್ಟಲನ್ನು ಕುಕ್ಕಿದಳು. "ಎಡ ಹುಬ್ಬಂತೆ! ಇಷ್ಟು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ? ಒಂದು ಮಾತು ಅಂದಿದ್ರೆ ನಾನೇ ಗೋಡೆ ಹಾರಿ ಹೋಗಿ ಕೇಳ್ತಿದ್ನಲ್ಲೋ, ದಂಡಪಿಂಡ!"

ಸಂಜೆ ಪಕ್ಕದ ಮನೆಯ ಅಂಗಳ ತುಂಬಿತ್ತು. ರೊಟ್ಟಿ ಮುರಿಯುವುದನ್ನು ಹಮ್ದಮ್ ಕ್ಯಾಮೆರಾದಲ್ಲಿ ತೆಗೆದ. ಎಲ್ಲರೂ ಪಲಾವಿಗೆ ಕುಳಿತ ಹೊತ್ತಿನಲ್ಲಿ ನಫೀಸಾ ಚಹಾದ ಕೆಟಲು ತುಂಬಲು ಒಲೆಯ ಬಳಿ ಬಂದಳು. ಕ್ಯಾಮೆರಾದ ವೈರು ಸುತ್ತುತ್ತಿದ್ದ ಅವನು ತಲೆ ಎತ್ತದೆ ಹೇಳಿದ:

"ನಿನ್ನ ಮುಖ... ನಾನೇ ತಗೊಂಡದ್ದು. ಕೇಳದೆ. ತಪ್ಪಾಯ್ತು."

"ಮೊದಲನೇ ಕತೆಯಲ್ಲೇ ಗೊತ್ತಾಯ್ತು. ಜಡೆ ಹಾಕಿದ್ರೆ ನನಗೆ ನನ್ನ ಗುರುತು ಸಿಗಲ್ವಾ?"

"ಬೈಲಿಲ್ವಲ್ಲ ನೀನು."

"ಬೈಯೋಣ ಅಂತಲೇ ಇದ್ದೆ. ಆಮೇಲೆ ನೋಡೋಣ ಅಂತ ಕಾದೆ. ಪ್ರತಿಯೊಂದು ಕತೆಯನ್ನೂ ನೋಡ್ದೆ. ಹುಡುಗಿ ಯಾವಾಗಲೂ ನಾನೇ. ಹುಡುಗ ಮಾತ್ರ ಒಂದೊಂದು ಸಲ ಒಬ್ಬೊಬ್ಬ. ಒಂದು ಸಲನಾದ್ರೂ ನಿಮ್ಮ ಮುಖ ಬರುತ್ತೇನೋ ಅಂತ ಕೊನೇವರೆಗೂ ನೋಡ್ತಿದ್ದೆ."

ಹಮ್ದಮ್ ಈಗ ತಲೆ ಎತ್ತಿದ. "ಹಾಕಿದ್ದೆ, ನಫೀಸಾ. ಆಮೇಲೆ... ಅಳಿಸಿಬಿಟ್ಟೆ."

ಅವಳ ಕೈಯಲ್ಲಿದ್ದ ಕೆಟಲು ತುಂಬಿ ಹೊರಗೆ ಹರಿಯುತ್ತಿತ್ತು.

"ಈ ಕೋಕಂದಿನವನು ಎರಡು ಸಲ ಬಂದ," ಎಂದಳು. "ಎರಡು ಸಲವೂ ತನ್ನ ಅದೇ ಮುಖ ಹೊತ್ಕೊಂಡು ಬಂದ." ಕೆಟಲನ್ನು ಎತ್ತಿಕೊಂಡು ಹೆಂಗಸರ ಕಡೆ ನಡೆದಳು.

ಕೋಕಂದಿನಾಕೆ ಬಾಯಿ ಒರೆಸಿಕೊಳ್ಳುತ್ತ ಬಂದು ಹಮ್ದಮನ ಕೈಗೆ ಒಂದು ದಪ್ಪ ಲಕೋಟೆ ತುರುಕಿದಳು.

"ಮಗನ ಫೋಟೋಗಳಪ್ಪಾ. ಎದುರಿಂದ, ಎಡದಿಂದ, ಬಲದಿಂದ, ಎಲ್ಲ ಇದೆ. ಮದುವೆ ದಿನ ತೋರ್ಸೋಕೆ ಒಂದು ಕತೆ ಮಾಡ್ಕೊಡು. ಹುಡುಗಿ ಮುಖ ಹೇಗೂ ನಿನ್ನ ಹತ್ರಾನೇ ಇದೆ. ರಾಜಕುಮಾರ ಮಾತ್ರ ಈ ಸಲ ಬದಲಾಗಬಾರ್ದು, ಆಯ್ತಾ?"

"ಆಯ್ತು ಅಮ್ಮಾ," ಎಂದ ಹಮ್ದಮ್. "ಇನ್ನು ಬದಲಾಗಲ್ಲ."