ಬ್ರೆಡ್ಡು ಸೀದುಹೋದ ಸೋದರ ನಗರ

ಪರದೇಶದ ಒಬ್ಬರ ಮೇಲೆ ಮನಸ್ಸಿಟ್ಟುಕೊಂಡು ತ್ಯಾಗರಾಜನಗರದಲ್ಲಿ ಹುಳಿಗೆ ಬೇಳೆ ಬೇಯಿಸುವುದು ಕಷ್ಟ. ಕುಕ್ಕರು ಎಷ್ಟು ಸಲ ಕೂಗಿತೆಂಬುದೇ ಮರೆತುಹೋಗುತ್ತದೆ. ಐವತ್ತರ ಅಂಚಿನಲ್ಲಿರುವ ನಾನು ಇಂಥ ಮಾತು ಆಡಬಾರದು. ಆದರೂ ಆಡುತ್ತೇನೆ, ನೀವೇನು ನಮ್ಮ ಬೀದಿಯವರಲ್ಲವಲ್ಲ.

ಹೊರದೇಶದ ಊರುಗಳೊಂದಿಗೆ ಬೆಂಗಳೂರಿನ ನಂಟು ಬೆಳೆಸುವುದು ಜಯನಗರದಲ್ಲಿರುವ ನಮ್ಮ ಕಚೇರಿಯ ಕೆಲಸ. ನಂಟು ಬೆಳೆಸುವವರು ಸಾಹೇಬರು, ಪತ್ರ ಬರೆಯುವವಳು ನಾನು. ಪತ್ರದ ಕೆಳಗೆ ಇರುವುದು ಸಾಹೇಬರ ಹೆಸರು. ದೂರದ ಚಳಿಯೂರೊಂದರಿಂದ ಬರುವ ಉತ್ತರಗಳ ಕೆಳಗೂ ಅಲ್ಲಿನ ಸಾಹೇಬರ ಹೆಸರು. ಒಮ್ಮೆ ಕಸ ವಿಲೇವಾರಿಯ ವಿಷಯ ಮುಗಿಸಿ, ಅಮ್ಮನ ಮಂಡಿನೋವಿನಿಂದಾಗಿ ಉತ್ತರ ತಡವಾಯಿತು ಎಂದು ಸೇರಿಸಿದೆ. ಓದುವವರಿಗೆ ಅದು ನಮ್ಮ ಸಾಹೇಬರ ಅಮ್ಮನ ಮಂಡಿ ಎನ್ನುವುದು ಆಮೇಲೆ ಹೊಳೆಯಿತು. ಮರುದಿನವೇ ಉತ್ತರ ಬಂತು: "ಅಮ್ಮ ಈಗ ಹೇಗಿದ್ದಾರೆ? ಬಿಸಿನೀರಿನ ಶಾಖ ಕೊಡಿ. ನನ್ನ ಬ್ರೆಡ್ಡು ಇವತ್ತೂ ಸೀದುಹೋಯಿತು."

ಎಂಥ ಗಂಡಸು! ನನ್ನ ಒಡಹುಟ್ಟಿದ ತಮ್ಮ ಬಿಟಿಎಂ ಲೇಔಟಿನಲ್ಲೇ ಇದ್ದಾನೆ, ಅಮ್ಮನಿಗೆ ನೋಯುವುದು ಯಾವ ಕಾಲೆಂದು ಅವನಿಗೆ ಗೊತ್ತಿಲ್ಲ. ಅಂದಿನಿಂದ ಪ್ರತಿ ಪತ್ರದಲ್ಲೂ ಮೊದಲು ಕೆರೆ, ಚರಂಡಿ, ಬಸ್ಸು. ಕೊನೆಗೆ ಮಂಡಿ, ಬ್ರೆಡ್ಡು. ಆ ಕೊನೆಯ ಎರಡು ಸಾಲಿಗಾಗಿ ಕಾಯುತ್ತಿದ್ದೆ. ಅಮ್ಮನಿಗೂ ಓದಿ ಹೇಳುತ್ತಿದ್ದೆ, ಮಂಡಿಯ ಭಾಗವನ್ನು ಮಾತ್ರ.

ಕೊನೆಗೊಮ್ಮೆ ಅವರೇ ಬರುತ್ತಾರೆಂದಾಯಿತು. ಮಾತುಕತೆಯ ವಿಷಯ, 'ನಗರಗಳ ನಂಟಿನಲ್ಲಿ ಮಹಿಳಾ ದೃಷ್ಟಿಕೋನ'. ನಾನೂ ಟಿಪ್ಪಣಿ ಹಿಡಿದು ಮೇಜಿನ ಮುಂದೆ ಕೂರುತ್ತೇನೆಂದು ಹೊಸ ಬ್ಲೌಸು ಹೊಲಿಸಿಕೊಂಡೆ. ಸಾಹೇಬರು ಕರೆದು, "ಮೇಡಂ, ನಮ್ಮ ಆಫೀಸಲ್ಲಿ ಮಹಿಳಾ ದೃಷ್ಟಿಕೋನ ಅಂದ್ರೆ ನೀವೇ ಅಲ್ವಾ? ರೇಷ್ಮೆ ಸೀರೆ ಉಟ್ಕೊಂಡು ಬಂದ್ಬಿಡಿ. ಬಾಗ್ಲಲ್ಲಿ ಪನ್ನೀರು ಹಾಕೋಕೆ ಯಾರಾದ್ರೂ ಬೇಕು" ಎಂದರು.

ಹಾಕಿದೆ. ಬಂದವರು ಎತ್ತರದ, ಕೆಂಪು ಮುಖದ ಮನುಷ್ಯ. ಮುಖ ಒರೆಸಿಕೊಂಡು ಒಳಗೆ ಹೋದರು. ತಡೆಯಲಾರದೆ ನಾನೂ ಒಳಗೆ ಹೋಗಿ ನಮ್ಮ ಸಾಹೇಬರ ಕಿವಿಯಲ್ಲಿ, "ಸಾರ್, ಬ್ರೆಡ್ಡು ಈಗ್ಲೂ ಸೀದುಹೋಗುತ್ತಾ ಅಂತ ಕೇಳಿ" ಎಂದೆ. ಅವರು ಕೇಳಿದರು. ಅತಿಥಿ ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಜೋರಾಗಿ ನಕ್ಕರು. ಪತ್ರ ಬರೆಯುವವಳು ತಮ್ಮ ಕಚೇರಿಯ ಒಬ್ಬ ಹೆಂಗಸಂತೆ. ತುಂಬ ಒಳ್ಳೆಯವಳಂತೆ. ಎಲ್ಲರೂ ಹೊರಟುಬಂದರೆ ಕಚೇರಿ ನೋಡಿಕೊಳ್ಳುವವರು ಯಾರು ಎಂದು ಅವಳನ್ನು ಬಿಟ್ಟು ಬಂದರಂತೆ. "ನಮ್ಮಲ್ಲೂ ಸೇಮ್ ಸಾರ್!" ಎಂದು ನಮ್ಮ ಸಾಹೇಬರು ಅವರ ಕೈ ಕುಲುಕಿದರು. ಊಟದ ಹೊತ್ತಿನವರೆಗೂ ಇಬ್ಬರೂ ಮಹಿಳಾ ದೃಷ್ಟಿಕೋನದ ಬಗ್ಗೆ ಮಾತಾಡಿದರು.

ಸುಳ್ಳೇಕೆ, ಮೊದಲು ಬ್ಲೌಸಿನ ಹೊಲಿಗೆ ಕೂಲಿ ನೆನೆದು ಹೊಟ್ಟೆ ಉರಿಯಿತು. ದೃಷ್ಟಿಕೋನ, ದೃಷ್ಟಿಕೋನ ಎಂದು ಅಷ್ಟು ಪತ್ರ ಬರೆದ ನನಗೇ ಅಲ್ಲೊಬ್ಬಳು ಹೆಂಗಸಿರಬಹುದೆಂದು ಹೊಳೆಯಲಿಲ್ಲವಲ್ಲ! ಆಮೇಲೆ ಅವಳನ್ನು ನೋಡಬೇಕೆನ್ನುವ ಆಸೆ ಹತ್ತಿಕೊಂಡಿತು. ಮೊದಲಿನದಕ್ಕಿಂತಲೂ ಹೆಚ್ಚಾಗಿ.

ಮನೆಗೆ ಬಂದಾಗ ಅಮ್ಮ, "ನನ್ನ ಮಂಡಿ ವಿಚಾರಿಸ್ತಿದ್ದ ಸಾಹೇಬ್ರು ಬಂದಿದ್ರೇನೇ?" ಎಂದಳು.

"ಇಲ್ಲಮ್ಮ, ಆಫೀಸ್ ಕೆಲ್ಸ ಇತ್ತಂತೆ."

"ಅಯ್ಯೋ ಪಾಪ."

ಮರುದಿನ ಧನ್ಯವಾದದ ಪತ್ರ ಬರೆಯಲು ಕೂತೆ. ಮಹಿಳಾ ದೃಷ್ಟಿಕೋನದ ಬಗ್ಗೆ ಒಂದು ಪುಟ ತುಂಬಿಸಿ, ಕೊನೆಗೆ ಧೈರ್ಯ ಮಾಡಿ, "ಇದನ್ನು ಓದುತ್ತಿರುವವರೇ, ನಿಮ್ಮ ಹೆಸರೇನು?" ಎಂದು ಕೇಳಿದೆ. ಅದರ ಕೆಳಗೆ, ಕೈಗೆ ಅಭ್ಯಾಸ ನೋಡಿ, ಸಾಹೇಬರ ಹೆಸರು ಹಾಕಿ ಕಳಿಸಿಬಿಟ್ಟೆ.